ಬಲಕ್ಕೆ ಬಾಯಿರುವ ಸೌಟು

ನಾನು ಭೂಗೋಳದ ಮೇಷ್ಟ್ರು. ಮೂವತ್ತೊಂದು ವರ್ಷಗಳಿಂದ ಕಪ್ಪು ಹಲಗೆಯ ಮೇಲೆ ಕಂಡ ಕಂಡ ಖಂಡಗಳನ್ನೆಲ್ಲ ಬರೆದಿದ್ದೇನೆ, ಆದರೆ ನಮ್ಮೂರನ್ನು ಮಾತ್ರ ಯಾವ ನಕ್ಷೆಯಲ್ಲೂ ಮಕ್ಕಳಿಗೆ ತೋರಿಸಲು ಆಗಿಲ್ಲ. ಇಲಾಖೆಯವರು ಕಳಿಸುವ ನಕ್ಷೆಯಲ್ಲಿ ನಮ್ಮೂರು ಇರಬೇಕಾದ ಜಾಗಕ್ಕೆ ಸರಿಯಾಗಿ ಕಾಗದದ ಮಡಿಕೆ ಬಂದಿರುತ್ತದೆ. ಇದರಿಂದ ನಮಗೇನೂ ನಷ್ಟವಾಗಿಲ್ಲ. ದಿನಕ್ಕೆರಡು ಬಸ್ಸು ಬರುತ್ತದೆ, ಟಪಾಲು ಬರುತ್ತದೆ, ಹೆಣ್ಣು ನೋಡುವವರೂ ದಾರಿ ಕೇಳಿಕೊಂಡು ಬಂದೇ ಬರುತ್ತಾರೆ.

ನಮ್ಮಲ್ಲಿ ದೊಡ್ಡ ಹಬ್ಬವೆಂದರೆ ಕೊಡುಹುಣ್ಣಿಮೆ. ಅಂದು ಬೆಳಿಗ್ಗೆ ಊರಿನವರೆಲ್ಲ ನೀರಿನ ಟ್ಯಾಂಕಿನ ಅಂಗಳದಲ್ಲಿ ಸೇರಿ ಉಡುಗೊರೆ ಕೊಡುತ್ತಾರೆ. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ, ಮಿಕ್ಕವರು ತಮಗೆ ಬೇಕಾದವರಿಗೆ. ಉಡುಗೊರೆ ಪಡೆಯುವವರಿಗೆ ಒಪ್ಪುವಂಥದ್ದಾದರೆ ಕೈಯಿಂದ ಕೈಗೆ ಹೋಗುತ್ತದೆ. ಒಪ್ಪದಿದ್ದರೆ ಕೊಟ್ಟವರ ಅಂಗೈಗೇ ಕಚ್ಚಿಕೊಂಡು ಕೂರುತ್ತದೆ. ಅಮಾವಾಸ್ಯೆಯ ಬೆಳಗಿನವರೆಗೆ, ಹದಿನೈದು ದಿನ, ಎಣ್ಣೆ ಹಚ್ಚಿದರೂ ಬಿಡುವುದಿಲ್ಲ, ಬಿಸಿನೀರು ಹೊಯ್ದರೂ ಬಿಡುವುದಿಲ್ಲ. ಕೊಡುವುದೇ ಬೇಡವೆಂದು ಒಬ್ಬ ಜಿಪುಣ ಒಂದು ವರ್ಷ ಮನೆಯಲ್ಲೇ ಉಳಿದಿದ್ದ. ಅವನ ಎರಡೂ ಮುಷ್ಟಿ ಬಿಗಿದುಕೊಂಡವು, ಹದಿನೈದು ದಿನ ಹೆಂಡತಿಯೇ ತುತ್ತು ಮಾಡಿ ಉಣ್ಣಿಸಿದಳು. ಮರುವರ್ಷ ಅವನು ಎಲ್ಲರಿಗಿಂತ ಮುಂಚೆ ಬಂದು ಅಂಗಳ ಗುಡಿಸುತ್ತಿದ್ದ.

ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು. ನಮಗೆ ಮಳೆ ಬಂದರೆ ಕೊಡೆ ಹಿಡಿದಷ್ಟೇ ಸಹಜ. ಹಬ್ಬ ಹತ್ತಿರ ಬಂದರೆ ದರ್ಜಿ ಬಲತೋಳು ಅಗಲವಿರುವ ಅಂಗಿಗಳನ್ನು ಹೊಲಿದು ತೂಗುಹಾಕುತ್ತಾನೆ. ಬಸ್ಸಿನಲ್ಲಿ ಕೈಗಂಟಿದ ಸಾಮಾನಿಗೆ ಲಗೇಜು ಟಿಕೆಟ್ಟು ಇಲ್ಲ. ಉಣ್ಣುವಾಗ ಎಡಗೈ ಬಳಸಿದರೆ ಆ ಹದಿನೈದು ದಿನ ಯಾರೂ ಏನೂ ಅನ್ನುವುದಿಲ್ಲ. ಉಳಿದಂತೆ ಎಡಗೈಗೆ ನಮ್ಮಲ್ಲಿ ಮರ್ಯಾದೆ ಕಡಿಮೆಯೇ. ಬಲಗೈಯಲ್ಲಿ ಕೊಡಬೇಕು, ಬಲಗೈಯಲ್ಲಿ ತೆಗೆದುಕೊಳ್ಳಬೇಕು. ಇದನ್ನು ಹುಣ್ಣಿಮೆ ಹೇಳಿದ್ದಲ್ಲ, ಹಿರಿಯರು ಹೇಳಿದ್ದು. ಆದರೆ ಎರಡೂ ಒಂದೇ ಎಂದು ನಾವು ತಿಳಿದುಕೊಂಡಿದ್ದೆವು.

ಇನ್ನು ನನ್ನ ವಿಷಯ. ಹಾಲಮ್ಮನನ್ನು ಮದುವೆಯಾದ ಮೇಲೆ ಇಪ್ಪತ್ತಾರು ಕೊಡುಹುಣ್ಣಿಮೆ ಕಳೆದಿದ್ದವು. ಇಪ್ಪತ್ತಾರು ಸಲವೂ ನನ್ನ ಉಡುಗೊರೆ ನನ್ನ ಕೈಗೇ ಕಚ್ಚಿತ್ತು. ಮೊದಲ ವರ್ಷ ಪ್ಲಾಸ್ಟಿಕ್ ಹೂವಿನ ಕುಂಡ. ಆಮೇಲೆ ಗೋಡೆ ಗಡಿಯಾರ, ಇಡ್ಲಿ ಪಾತ್ರೆ, ಇಸ್ತ್ರಿ ಪೆಟ್ಟಿಗೆ, ಮೂರು ಸೀಟಿಯ ಕುಕ್ಕರು. ಗಡಿಯಾರದ ವರ್ಷ ಮಕ್ಕಳಿಗೆ ಭಾರಿ ಅನುಕೂಲವಾಗಿತ್ತು, ನಾನು ಹಲಗೆಯ ಕಡೆ ಕೈ ಎತ್ತಿದರೆ ಸಾಕು, ಬೆಲ್ಲಿಗೆ ಇನ್ನೆಷ್ಟು ಹೊತ್ತಿದೆ ಎಂದು ಹಿಂದಿನ ಬೆಂಚಿಗೂ ಕಾಣುತ್ತಿತ್ತು. ಪಕ್ಕದೂರಿನ ಸಂತೆಯಲ್ಲಿ ನನ್ನನ್ನು ಕಂಡರೆ ಅಂಗಡಿಯವರು "ಮೇಷ್ಟ್ರೇ, ಈ ಸಲ ಹಗುರದ್ದು ತಗೊಳ್ಳಿ, ಹದಿನೈದು ದಿನ ಹೊರಬೇಕಲ್ಲ" ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ನಾಚಿಕೆ ಬಿಟ್ಟವನಿಗೆ ಊರೇ ತನ್ನದು ಎನ್ನುತ್ತಾರಲ್ಲ, ಹಾಗೆ.

ಹಾಲಮ್ಮ ಕೊಟ್ಟದ್ದು ಮಾತ್ರ ಒಮ್ಮೆಯೂ ತಪ್ಪಿರಲಿಲ್ಲ. ಸೀಮೆಸುಣ್ಣ ಹಿಡಿದು ನನ್ನ ಬೆರಳು ಒಡೆಯುತ್ತವೆಂದು ಬಿದಿರಿನ ಸಣ್ಣ ಕೊಳವೆ ಕೊರೆದು ಕೊಟ್ಟಿದ್ದಳು. ಹಳೆ ಪಂಚೆಯನ್ನು ಏಳು ಪದರ ಮಡಿಸಿ ಹೊಲಿದ ಡಸ್ಟರು ಇನ್ನೂ ನನ್ನ ಮೇಜಿನ ಮೇಲಿದೆ. ಒಂದು ವರ್ಷ ಬರೀ ಒಂದು ದಾರ ಕೊಟ್ಟಳು. ನನ್ನ ಕನ್ನಡಕ ಜಾರುವುದನ್ನು ನೋಡಿ ನೋಡಿ, ಅದಕ್ಕೆ ಕಟ್ಟಿಕೊಳ್ಳಲೆಂದು ತನ್ನ ಕೂದಲಿಗೆ ಕಟ್ಟುವ ಕಪ್ಪು ದಾರವನ್ನು ಹೊಸೆದು ತಯಾರಿಸಿದ್ದಳು. ಹೂವು ಉದುರಿದಷ್ಟು ಹಗುರವಾಗಿ ಅದು ಅವಳ ಕೈಯಿಂದ ನನ್ನ ಕೈಗೆ ಬಂತು. ನನ್ನ ಸರದಿ ಬಂದಾಗ ಅದೇ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ನೇತಾಡಿತು.

ಈ ವರ್ಷವೂ ಹೀಗೇ ನಕ್ಕು ಕಳೆಯಬಹುದಿತ್ತು, ಮಗಳ ಮದುವೆ ಇರದಿದ್ದರೆ. ಚಂಪಾಳ ಮುಹೂರ್ತ ಕೊಡುಹುಣ್ಣಿಮೆಯ ಒಂಬತ್ತನೇ ದಿನಕ್ಕೆ ಬಂದಿತ್ತು. ಅದು ಬಿಟ್ಟರೆ ಬೇರೆ ಮುಹೂರ್ತ ಆ ವರ್ಷದಲ್ಲಿ ಇರಲಿಲ್ಲ. ನಮ್ಮೂರ ಧಾರೆಯ ಪದ್ಧತಿ ಹೀಗೆ: ತಂದೆ ತನ್ನ ಎರಡೂ ಅಂಗೈ ಜೋಡಿಸಿ ಮಗಳ ಕೈಯ ಕೆಳಗೆ ಹಿಡಿಯಬೇಕು, ತಾಯಿ ಗಿಂಡಿಯಿಂದ ಹಾಲು ಎರೆಯಬೇಕು, ವಧೂವರರ ಕೈಯಿಂದ ಸೋರಿದ ಹಾಲು ತಂದೆಯ ಬೊಗಸೆ ತುಂಬಬೇಕು. ಕೈಗೆ ಏನಾದರೂ ಕಚ್ಚಿಕೊಂಡಿರುವ ತಂದೆ ಬೊಗಸೆ ಹಿಡಿಯಲಾರ. ಅಂಥವನ ಬದಲು ಮನೆತನದ ಹಿರಿಯರು ನಿಲ್ಲುತ್ತಾರೆ. ನಮ್ಮ ಮನೆತನದ ಹಿರಿಯರೆಂದರೆ ನನ್ನ ದೊಡ್ಡಪ್ಪ ಓಂಕಾರಪ್ಪನವರು. ಎಂಬತ್ತನಾಲ್ಕು ವರ್ಷ, ಕೊಡುಹುಣ್ಣಿಮೆಯ ಗಂಟೆ ಬಾರಿಸುವವರೂ ಅವರೇ. ಲಗ್ನಪತ್ರಿಕೆ ಬರೆದ ದಿನವೇ ಅವರು ತಮ್ಮ ಮಡಿಯ ಪಂಚೆಯನ್ನು ಗಂಜಿಗೆ ಹಾಕಿಸಿದರಂತೆ.

ಚಂಪಾ ಒಂದು ಸಂಜೆ ನನ್ನ ಪಕ್ಕ ಬಂದು ಕೂತಳು. ನಾನು ಪರೀಕ್ಷೆಯ ಕಾಗದ ತಿದ್ದುತ್ತಿದ್ದೆ.

"ಅಪ್ಪಾ, ದೊಡ್ಡಜ್ಜ ಧಾರೆಗೆ ನಿಲ್ಲೋದು ನಂಗೆ ಬ್ಯಾಡ."

"ಯಾಕವ್ವ? ಹಿರೇರಲ್ವಾ?"

"ಹಿರೇರೇ. ಆದ್ರೆ ಅವರು ನನ್ ಅಪ್ಪ ಅಲ್ಲ." ಅವಳು ನನ್ನ ಕೈಯಿಂದ ಪೆನ್ನು ತೆಗೆದಿಟ್ಟಳು. "ನಿನ್ ಬೊಗಸೆ ಬೇಕು ನಂಗೆ. ಕುಕ್ಕರ್ ಅಲ್ಲ, ಗಡಿಯಾರ ಅಲ್ಲ. ಒಂದೇ ಒಂದ್ ವರ್ಷ ಅವ್ವಂಗೆ ಸರಿಯಾದ್ದು ಕೊಡಪ್ಪಾ. ನಿನ್ ದಮ್ಮಯ್ಯ."

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮಗಳು ಹುಟ್ಟಿದಾಗ ನಾನು ಅವಳನ್ನು ಮೊದಲ ಸಲ ಎತ್ತಿಕೊಂಡದ್ದು ಒಂದೇ ಕೈಯಲ್ಲಿ. ಇನ್ನೊಂದಕ್ಕೆ ಇಡ್ಲಿ ಪಾತ್ರೆ ಕಚ್ಚಿತ್ತು. ಅವಳನ್ನು ಕಳಿಸಿಕೊಡುವುದೂ ಹಾಗೇ ಆಗಬೇಕೆ?

ನಮ್ಮೂರಲ್ಲಿ ಒಂದು ನಂಬಿಕೆ ಇದೆ. ಅಂಗಡಿಯದ್ದು ಕಚ್ಚುತ್ತದೆ, ಕೈಯಲ್ಲಿ ಮಾಡಿದ್ದು ಹೋಗುತ್ತದೆ ಎಂದು. ಸರಿ, ನಾನೂ ಕೈಯಲ್ಲೇ ಮಾಡುತ್ತೇನೆ ಎಂದು ಬಡಗಿ ಮೌನಾಚಾರಿಯ ಕೊಟ್ಟಿಗೆಗೆ ಹೋದೆ. ಹೆಸರು ಮೌನಾಚಾರಿ, ಬಾಯಿ ಮುಚ್ಚಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಬ್ಬಕ್ಕೆ ಒಂದು ತಿಂಗಳಿತ್ತು. ಹಾಲಮ್ಮನಿಗೆ ಕೂರಲು ಒಂದು ಸ್ಟೂಲು ಮಾಡುವುದೆಂದು ತೀರ್ಮಾನಿಸಿ ಹಳೆ ಬಾಗಿಲ ಹಲಗೆ ಹಿಡಿದು ಕೂತೆ. ಎಂಟು ದಿನದಲ್ಲಿ ಸ್ಟೂಲು ತಯಾರಾಯಿತು. ಅದಕ್ಕೆ ನಾಲ್ಕು ಕಾಲಿದ್ದವು, ಆದರೆ ಒಂದು ಹೊತ್ತಿಗೆ ನೆಲಕ್ಕೆ ತಾಗುತ್ತಿದ್ದದ್ದು ಮೂರೇ.

ಮೌನಾಚಾರಿ ಅದರ ಮೇಲೆ ಕೂತು ಒಮ್ಮೆ ಹಿಂದಕ್ಕೆ ಒಮ್ಮೆ ಮುಂದಕ್ಕೆ ತೂಗಿದ. "ತೊಟ್ಟಿಲು ಅಂದ್ರೆ ನಡೀತದೆ, ಮೇಷ್ಟ್ರೇ. ಒಂದ್ ಮಾತು ಕೇಳಲಾ? ಹಾಲಮ್ಮನೋರು ಯಾವತ್ತಾದ್ರೂ ಸ್ಟೂಲು ಬೇಕು ಅಂದಿದ್ರಾ?"

"ಇಲ್ಲ. ಆದ್ರೆ ಕೈಯಲ್ಲಿ ಮಾಡಿದ್ದಲ್ವಾ?"

"ಅಯ್ಯೋ, ಹೋದ್ ವರ್ಷ ನನ್ ಕೈಗೆ ಏನ್ ಕಚ್ಚಿತ್ತು, ಮರೆತ್ರಾ? ನಾನೇ ಮಾಡಿದ ಪೆಟ್ಟಿಗೆ! ಹಲಸಿನ ಮರ, ಒಂದು ಮೊಳೆ ಹೊಡೆದಿರಲಿಲ್ಲ. ನನ್ ಹೆಂಡ್ತಿ ಹತ್ರ ಆಗ್ಲೇ ಮೂರು ಪೆಟ್ಟಿಗೆ ಇದ್ವು. ನಂಗೆ ಮಾಡಕ್ ಬರ್ತಿತ್ತು, ಮಾಡ್ದೆ. ಅವಳಿಗೆ ಬೇಕಾ ಅಂತ ನೋಡಿದ್ನಾ?" ಅವನು ಉಳಿಯಿಂದ ಬೆನ್ನು ಕೆರೆದುಕೊಂಡ. "ಮರ ಆಮೇಲೆ ನೋಡಿ. ಮೊದ್ಲು ಮನೇಲಿರೋ ಮನುಷ್ಯರ್ನ ನೋಡಿ."

ಹೇಳುವುದು ಸುಲಭ. ಇಪ್ಪತ್ತಾರು ವರ್ಷ ಎದುರಿಗೇ ಓಡಾಡಿದವಳನ್ನು ಹೊಸದಾಗಿ ನೋಡುವುದು ಹೇಗೆ? ನಾನು ಶಾಲೆಯಿಂದ ಬೇಗ ಬಂದು ಅವಳ ಹಿಂದೆ ಮುಂದೆ ಸುತ್ತತೊಡಗಿದೆ. ಹಿತ್ತಲಿಗೆ ಹೋದರೆ ಹಿತ್ತಲಿಗೆ, ಬಚ್ಚಲಿಗೆ ನೀರು ತುಂಬಲು ಹೋದರೆ ಅಲ್ಲಿಗೆ. ಮೂರನೇ ದಿನ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನ್ರೀ ಇದು, ಬೆಕ್ಕಿನ ಹಾಗೆ? ನನ್ ಮುಖದಲ್ಲಿ ನಕ್ಷೆ ಏನಾದ್ರೂ ಬರ್ದೈತಾ?" ನಾನು ಏನೋ ತೊದಲಿ, ಅಡುಗೆಮನೆಗೆ ನುಗ್ಗಿ, ಕೈಗೆ ಸಿಕ್ಕ ಸೌಟು ಹಿಡಿದು "ಇದು ತೂತು ಬೀಳೋ ಹಾಗಿದೆಯಲ್ಲ, ರಿಪೇರಿ ಮಾಡಿಸ್ತೀನಿ" ಎಂದೆ. "ನೀವಾ? ಮಾಡಿಸಿದ್ರಿ ಬಿಡಿ" ಎಂದು ಅವಳು ಒಳಗೆ ಹೋದಳು.

ಸೌಟು ನನ್ನ ತಾಯಿಯ ಕಾಲದ್ದು, ಮರದ್ದು. ಸುಳ್ಳು ಹೇಳಿದ ಮೇಲೆ ಉಪಾಯವಿಲ್ಲದೆ ಅದನ್ನೇ ಹಿಡಿದು ಮೌನಾಚಾರಿಯ ಹತ್ತಿರ ಹೋದೆ. ಅವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಆ ಮನುಷ್ಯ ಸುಮ್ಮನಾದದ್ದನ್ನು ನಾನು ಮೊದಲ ಸಲ ಕಂಡೆ.

"ಇದನ್ನ ಯಾರ್ ಯಾರು ಬಳಸಿದಾರೆ?"

"ಮೊದ್ಲು ನಮ್ಮವ್ವ. ಅವರು ಹೋದ್ ಮೇಲೆ ಹಾಲಮ್ಮ."

"ನೋಡಿ ಇಲ್ಲಿ. ಎಡಗಡೆ ಅಂಚು ಸವೆದೈತಲ್ಲ, ಅದು ನಿಮ್ಮವ್ವ. ಬಲಗೈಯಿಂದ ಕಲಕೋರ ಸೌಟು ಎಡಕ್ಕೇ ಸವೆಯೋದು, ಪಾತ್ರೆಗೆ ಉಜ್ಜಿ ಉಜ್ಜಿ. ಆದ್ರೆ ಬಲಗಡೆ ಅಂಚು ನೋಡಿ, ಇದು ಇನ್ನೂ ಜಾಸ್ತಿ ಸವೆದೈತೆ. ಇದನ್ನ ಸವೆಸಿದ್ದು ಎಡಗೈ, ಮೇಷ್ಟ್ರೇ. ನಿಮ್ಮನೆಯೋರು ಎಡಚಿ."

"ಹುಚ್ಚಾ ನಿಂಗೆ? ನನ್ ಹೆಂಡ್ತಿ ನಂಗೊತ್ತಿಲ್ವಾ?" ಎಂದು ರೇಗಿದೆ. ಅವನು ಸೌಟನ್ನು ನನ್ನ ಕೈಗೆ ಕೊಟ್ಟು ಕರಗಸ ಎತ್ತಿಕೊಂಡ.

ಮನೆಗೆ ಬರುವಾಗ ಒಂದೊಂದೇ ನೆನಪಾಗತೊಡಗಿತು. ಪ್ರತಿವರ್ಷ ನನ್ನ ಬಲಗೈಗೆ ಏನಾದರೂ ಕಚ್ಚಿಕೊಂಡಾಗ ಎಡಗೈಯಲ್ಲಿ ಉಣ್ಣಲು ಹೇಳಿಕೊಟ್ಟವಳು ಅವಳೇ. "ಹಂಗಲ್ಲ, ಹೆಬ್ಬೆರಳಿಂದ ನೂಕಿ, ಅಂಗೈ ವಾಲಿಸಬೇಡಿ" ಎಂದು ತಾನೇ ತುತ್ತು ಮಾಡಿ ತೋರಿಸುತ್ತಿದ್ದಳು. ಎಷ್ಟು ಸಲೀಸಾಗಿ! ಆ ಹದಿನೈದು ದಿನ ಅವಳ ಮುಖದಲ್ಲಿ ಒಂದು ಗೆಲುವು ಇರುತ್ತಿತ್ತು. ನನ್ನ ಅವಸ್ಥೆ ನೋಡಿ ನಗುತ್ತಾಳೆ ಎಂದುಕೊಂಡಿದ್ದೆ.

ಮುಂಬಾಗಿಲಿಂದ ಹೋಗದೆ ಹಿತ್ತಲಿಗೆ ಸುತ್ತಿಕೊಂಡು ಹೋಗಿ ಅಡುಗೆಮನೆಯ ಕಿಟಕಿಯಲ್ಲಿ ಇಣುಕಿದೆ. ಹಾಲಮ್ಮ ಒಬ್ಬಳೇ ಇದ್ದಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಎಡಗೈಯಲ್ಲಿ ಸ್ಟೀಲಿನ ಸೌಟು ಹಿಡಿದು ಕಲಕುತ್ತ, ಏನೋ ಗುನುಗುತ್ತ, ಸೊಂಟವನ್ನು ಸ್ವಲ್ಪವೇ ಆಡಿಸುತ್ತಿದ್ದಳು. ಅಷ್ಟು ಹಗುರಾಗಿ ನಿಂತ ಅವಳನ್ನು ನಾನು ಕಂಡಿರಲೇ ಇಲ್ಲ. ನನಗೆ ಕೆಮ್ಮು ಬಂತು. ಕಣ್ಣು ಮಿಟುಕಿಸುವಷ್ಟರಲ್ಲಿ ಸೌಟು ಬಲಗೈಗೆ ಹೋಗಿತ್ತು, ಬೆನ್ನು ನೆಟ್ಟಗಾಗಿತ್ತು, ಹಾಡು ನಿಂತಿತ್ತು.

ಯಾಕೆ ಮುಚ್ಚಿಟ್ಟಳು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಮನೆಯ ಮೇಜಿನ ಮೇಲೆ ನಾನು ದಿನಾ ಶಾಲೆಗೆ ಒಯ್ಯುವ ಒಂದು ರೂಲುದೊಣ್ಣೆ ಇತ್ತು. ಬೀಟೆ ಮರದ್ದು, ನನ್ನ ಗುರುಗಳು ಕೊಟ್ಟದ್ದು. ಎಡಗೈಯಲ್ಲಿ ಬರೆಯುವ ಮಕ್ಕಳು ತರಗತಿಗೆ ಬಂದರೆ ಬೆರಳ ಗಿಣ್ಣಿಗೆ ಅದರಿಂದ ಕೊಡುತ್ತಿದ್ದೆ. ಒಂದು ತಿಂಗಳೊಳಗೆ ಬಲಗೈ ಮಾಡಿಸುತ್ತಿದ್ದೆ. ಮೂವತ್ತೊಂದು ವರ್ಷದಲ್ಲಿ ಹದಿನಾಲ್ಕು ಮಕ್ಕಳು. ಪ್ರತಿಯೊಂದು ಮಗು ದಾರಿಗೆ ಬಂದಾಗಲೂ ಮನೆಗೆ ಬಂದು, ಊಟಕ್ಕೆ ಕೂತು, "ಇವತ್ತು ಇನ್ನೊಂದು ಎಡಚನ್ನ ಸರಿ ಮಾಡಿದೆ ಕಣೇ" ಎಂದು ಹೇಳಿಕೊಂಡಿದ್ದೇನೆ. ಯಾರ ಹತ್ತಿರ? ಬಲಗೈಯಲ್ಲಿ ಅನ್ನ ಬಡಿಸುತ್ತ ನಿಂತಿದ್ದ ಇವಳ ಹತ್ತಿರ. ಅವಳು "ಹೌದಾ" ಎನ್ನುತ್ತಿದ್ದಳು. ನೆನೆದರೆ ಈಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಏನು ಕೊಡಬೇಕೆಂದು ಆ ಕ್ಷಣವೇ ಗೊತ್ತಾಯಿತು. ನಮ್ಮ ಮನೆಯ ಎಲ್ಲ ಸೌಟುಗಳ ಬಾಯಿ, ಅಂದರೆ ಸಾರು ಸುರಿಯುವ ಮೂತಿ, ಎಡಕ್ಕೇ ಇತ್ತು. ಬಲಗೈಯವರು ಒಳಮುಖವಾಗಿ ಬಗ್ಗಿಸಿ ಬಡಿಸಲು ಹಾಗೆ ಮಾಡಿರುತ್ತಾರೆ. ಬಲಕ್ಕೆ ಬಾಯಿರುವ ಸೌಟು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. "ಕರಟದಲ್ಲಿ ಮಾಡಿ" ಎಂದ ಮೌನಾಚಾರಿ. "ನಿಮ್ ಕೈಗೆ ಅದೇ ಸರಿ. ನಾನು ಹೇಳ್ತೀನಿ, ಮುಟ್ಟಲ್ಲ. ಹಿಡಿಗೆ ಮಾತ್ರ ಹಳೇ ಮರ ಬೇಕು, ಹಬೆಗೆ ಬಾಗಬಾರದು." ಹಳೇ ಮರ ಎಲ್ಲಿದೆ ಎಂದು ನಾನು ಹುಡುಕಬೇಕಾಗಿರಲಿಲ್ಲ. ರೂಲುದೊಣ್ಣೆಯನ್ನು ತಂದು ಅವನ ಮುಂದೆ ಇಟ್ಟೆ. ಅವನ ಮಗಳೂ ನನ್ನ ಹದಿನಾಲ್ವರಲ್ಲಿ ಒಬ್ಬಳು. ಅವನು ಅದನ್ನು ನೋಡಿ, ನನ್ನನ್ನು ನೋಡಿ, "ಗಟ್ಟಿ ಮರ" ಎಂದಷ್ಟೇ ಅಂದ.

ಕರಟದ ಕೆಲಸ ತಮಾಷೆಯಲ್ಲ. ಮೊದಲನೆಯದು ತೂತು ಕೊರೆಯುವಾಗ ಸೀಳಿತು. ಎರಡನೆಯದರ ಬಾಯಿಯನ್ನು ಅಭ್ಯಾಸಬಲದಿಂದ ಎಡಕ್ಕೇ ಕೊರೆದುಬಿಟ್ಟೆ. ಮೂರನೆಯದು ಚೆನ್ನಾಗಿಯೇ ಬಂದಿತ್ತು, ಅದರ ಮೇಲೆ ನಾನೇ ಕೂತೆ. ನಾಲ್ಕನೆಯದನ್ನು ಒಡೆದ ಗಾಜಿನ ಚೂರಿನಿಂದ ಹೊರಗೂ ಒಳಗೂ ಕೆರೆದೆ. ನಾರೆಲ್ಲ ಹೋಗಿ ಕಪ್ಪಗೆ ನುಣುಪಾಗುವವರೆಗೆ ಐದು ದಿನ ಕೆರೆದೆ. ಹೆಬ್ಬೆರಳಿಗೆ ಎರಡು ಕಡೆ ಗಾಯ. ರೂಲುದೊಣ್ಣೆಯ ತುದಿ ತೆಳುಮಾಡಿ, ಕರಟದ ಎರಡು ತೂತಿನಲ್ಲಿ ತೂರಿಸಿ, ಬಿದಿರಿನ ಸಣ್ಣ ಬೆಣೆ ಬಡಿದೆ. ಕೊಬ್ಬರಿ ಎಣ್ಣೆ ತಿಕ್ಕಿ ಬಿಸಿಲಿಗಿಟ್ಟೆ. ಎಡಗೈಯಲ್ಲಿ ಹಿಡಿದು ನೀರು ಮೊಗೆದು ಸುರಿದು ನೋಡಿದೆ. ಒಂದು ಹನಿ ಆಚೆ ಬೀಳಲಿಲ್ಲ. ನನ್ನ ಜೀವಮಾನದಲ್ಲಿ ನಾನು ಸರಿಯಾಗಿ ಮಾಡಿದ ಮೊದಲ ವಸ್ತು. ಕೊಟ್ಟಿಗೆಯಲ್ಲಿ ಮಗುವಿನ ಹಾಗೆ ಕುಣಿದೆ, ಮೌನಾಚಾರಿ ನೋಡದವನಂತೆ ಮುಖ ತಿರುಗಿಸಿದ.

ಹುಣ್ಣಿಮೆಯ ಬೆಳಿಗ್ಗೆ ಟ್ಯಾಂಕಿನ ಅಂಗಳ ತುಂಬಿತ್ತು. ದೊಡ್ಡಪ್ಪ ಕುರ್ಚಿಯಲ್ಲಿ ಗಂಟೆ ಹಿಡಿದು ಕೂತಿದ್ದರು, ಗಂಜಿ ಹಾಕಿದ ಪಂಚೆ ಗರಗರ ಎನ್ನುತ್ತಿತ್ತು. ಉಡುಗೊರೆ ಕೈಬಿಟ್ಟರೆ ಗಂಟೆ, ಕಚ್ಚಿದರೆ ಇಲ್ಲ. ನಮ್ಮ ಸರದಿ ಬಂದಾಗ ಜನ ಎದ್ದು ನಿಂತರು. ನನ್ನ ಸರದಿ ಅವರಿಗೆ ನಾಟಕವಿದ್ದಂತೆ.

ಮೊದಲು ಹಾಲಮ್ಮ ಕೊಟ್ಟಳು. ಬಿಳಿ ಅಂಗಿ, ಮದುವೆಗೆಂದು ಹೊಲಿದದ್ದು. ಬಟ್ಟೆ ನನಗೆ ಗುರುತು ಸಿಕ್ಕಿತು, ನಮ್ಮ ಮದುವೆಯ ಧೋತರ. ಬಿಚ್ಚಿ ಹಿಡಿದು ನೋಡಿದೆ. ಬಲತೋಳು ಅಗಲವಾಗಿತ್ತು, ಕುಕ್ಕರು ಹಿಡಿಯುವಷ್ಟು ಅಗಲ, ಭುಜದಿಂದ ಮಣಿಕಟ್ಟಿನವರೆಗೆ ಬಿಚ್ಚಿ ಹಾಕುವ ಗುಂಡಿಗಳು. "ಏನೇ ಕಚ್ಚಿದ್ರೂ ಮಂಟಪದಲ್ಲಿ ನೀವು ಅಂಗಿ ಹಾಕ್ಕೊಂಡು ನಿಂತ್ಕೋಬೇಕು" ಎಂದಳು ಮೆಲ್ಲಗೆ. "ಧಾರೆಗೆ ಅಲ್ದಿದ್ರೂ, ನನ್ ಪಕ್ಕ." ನಾನು ಗೆಲ್ಲುತ್ತೇನೆಂಬ ಆಸೆ ಅವಳಿಗೆ ಇರಲಿಲ್ಲ. ಸೋತವನು ಜನರ ಮುಂದೆ ಮರ್ಯಾದೆಯಿಂದ ನಿಲ್ಲಲಿ ಎಂದು ಒಂದೊಂದೇ ಗುಂಡಿ ಹೊಲಿದಿದ್ದಳು. ಅಂಗಿ ಅವಳ ಕೈಯಿಂದ ಸಲೀಸಾಗಿ ಬಂತು. ಗಂಟೆ ಮೊಳಗಿತು. ನನ್ನ ಕಣ್ಣು ಮಂಜಾಯಿತು.

ಆಮೇಲೆ ನಾನು ಬಟ್ಟೆ ಬಿಚ್ಚಿ ಸೌಟು ತೆಗೆದೆ. ಜನ ಗುಸುಗುಸು ಶುರುಮಾಡಿದರು. "ಮೇಷ್ಟ್ರು ಮಾಡಿದ್ದಂತೆ!" "ಸಂತೇದಲ್ವಂತೆ!" ಚಂಪಾ ಎರಡೂ ಕೈ ಮುಗಿದು ಮುಂದಿನ ಸಾಲಿನಲ್ಲೇ ನಿಂತಿದ್ದಳು. ಹಾಲಮ್ಮ ಬಲಗೈ ಚಾಚಿದಳು. ಹಿಡಿ ಹಿಡಿದು ಎಳೆದಳು.

ಬರಲಿಲ್ಲ.

ಇನ್ನೊಮ್ಮೆ ಎಳೆದಳು. ನನ್ನ ಅಂಗೈಯ ಚರ್ಮವೇ ಜೊತೆಗೆ ಬಂತು, ಸೌಟು ಬರಲಿಲ್ಲ. ಜನ "ಅಯ್ಯೋ" ಎಂದರು, ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ದೊಡ್ಡಪ್ಪ ಗಂಟೆಯನ್ನು ತೊಡೆಯ ಮೇಲೆ ಮಲಗಿಸಿ "ಇಪ್ಪತ್ತೇಳು" ಎಂದರು. ಚಂಪಾ ತಲೆ ತಗ್ಗಿಸಿದಳು.  ಐದು ದಿನ ಕೆರೆದದ್ದು, ಗಾಯ ಮಾಡಿಕೊಂಡದ್ದು, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತೇ ಎಂದುಕೊಳ್ಳುವಷ್ಟರಲ್ಲಿ ನನ್ನ ಕಣ್ಣು ಸೌಟಿನ ಬಾಯಿಯ ಮೇಲೆ ಬಿತ್ತು. ಅದು ನೋಡುತ್ತಿದ್ದದ್ದು ಬಲಕ್ಕೆ. ಅದನ್ನು ಹಿಡಿದಿದ್ದದ್ದು ಹಾಲಮ್ಮನ ಬಲಗೈ. ಎಂಥ ದಡ್ಡ ನಾನು! ಎಡಗೈಗೆ ಮಾಡಿದ್ದನ್ನು ಬಲಗೈಗೆ ಕೊಡುತ್ತಿದ್ದೆ.

"ಹಾಲಾ, ಆ ಕೈ ಅಲ್ಲ," ಎಂದೆ. "ಇನ್ನೊಂದ್ ಕೈ."

ಅವಳ ಮುಖ ಬಿಳಿಚಿತು. "ಏನಂತೀರಿ?"

"ನಿನ್ನ ಕೈ. ಅಡುಗೆಮನೇಲಿ ನಾನಿಲ್ದಾಗ ನೀನು ಬಳಸ್ತೀಯಲ್ಲ, ಆ ಕೈ."

"ಬ್ಯಾಡ ರೀ," ಎಂದು ಪಿಸುಗುಟ್ಟಿದಳು. ಎಡಗೈ ಸೆರಗಿನ ಒಳಗೆ ಹೋಗಿತ್ತು. "ಜನ ನೋಡ್ತಾವ್ರೆ. ಮಗಳ ಮದುವೆ ಐತೆ."

ದೊಡ್ಡಪ್ಪನ ಕಿವಿ ಈ ವಯಸ್ಸಿನಲ್ಲೂ ಚುರುಕು. "ಎಡಗೈಯಾಗೆ ಉಡುಗೊರೆ ಇಸ್ಕೊಳ್ಳೋದಾ? ಕರಿಬಸಪ್ಪ, ತಲೆ ನೆಟ್ಟಗೈತೇನೋ? ಮಕ್ಕಳ ಎಡಗೈ ಬಿಡಿಸಿದ ಮೇಷ್ಟ್ರು ನೀನೇ ಅಲ್ವೇನೋ?"

"ನಾನೇ, ದೊಡ್ಡಪ್ಪ," ಎಂದೆ. ನನ್ನ ದನಿ ತರಗತಿಯ ದನಿಯಾಗಿ ಇಡೀ ಅಂಗಳಕ್ಕೆ ಕೇಳಿತು. "ಹದಿನಾಲ್ಕು ಮಕ್ಕಳ ಗಿಣ್ಣಿಗೆ ಹೊಡೆದೆ. ಅವು ಸರಿಯಾಗೇ ಇದ್ವು, ತಪ್ಪು ನಂದು. ಹೊಡೆದ ರೂಲುದೊಣ್ಣೆ ಇದೇ, ನೋಡ್ಕೊಳ್ಳಿ, ಈಗ ಸೌಟಿನ ಹಿಡಿಯಾಗೈತೆ. ಹಾಲಾ, ನನ್ ಭಯಕ್ಕೆ ಇಪ್ಪತ್ತಾರು ವರ್ಷ ನೀನು ನಿನ್ ಕೈನೇ ಮುಚ್ಚಿಟ್ಕೊಂಡೆ. ಸಾಕು. ಚಾಚು."

ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ಒಂದು ಹೆಣ್ಣುದನಿ ಬಂತು. ಟಪಾಲು ಹಂಚುವ ಸುಕನ್ಯ, ನನ್ನ ಹಳೆ ವಿದ್ಯಾರ್ಥಿನಿ, ಮೌನಾಚಾರಿಯ ಮಗಳು. "ಚಾಚಿ, ಹಾಲಮ್ಮಕ್ಕ! ನನ್ ಗಿಣ್ಣು ಮಳೆಗಾಲದಾಗೆ ಈಗ್ಲೂ ನೋಯ್ತದೆ. ನನ್ ಸಲುವಾಗಾದ್ರೂ ಚಾಚಿ!" ಮಾತು ನನಗೆ ಚುರುಕ್ಕೆಂದು ತಾಗಿತು, ತಾಗಬೇಕಾದದ್ದೇ.

ಹಾಲಮ್ಮ ಸೌಟಿನ ಹಿಡಿಯನ್ನು ನೋಡಿದಳು. ಅದರ ಗೆರೆ, ಅದರ ತುದಿಯ ಕಚ್ಚು, ದಿನಾ ಧೂಳು ಒರೆಸಿದವಳಿಗೆ ಗುರುತು ಸಿಗದೆ ಇರುತ್ತದೆಯೇ? ಸೆರಗಿನೊಳಗಿನಿಂದ ಅವಳ ಎಡಗೈ ಹೊರಗೆ ಬಂತು. ಮೊದಲು ಬೆರಳು, ಆಮೇಲೆ ಬಳೆ, ಆಮೇಲೆ ಮೊಣಕೈವರೆಗೆ ಇಡೀ ಕೈ. ಹಿಡಿಯನ್ನು ಮುಟ್ಟಿದಳು ಅಷ್ಟೇ, ಎಳೆಯಲೂ ಇಲ್ಲ. ಸೌಟು ನನ್ನ ಅಂಗೈ ಬಿಟ್ಟು ಅವಳ ಕೈಗೆ ಹೋಗಿ ಕೂತಿತು.

ಒಂದು ಗಳಿಗೆ ನನಗೇ ನಂಬಿಕೆಯಾಗಲಿಲ್ಲ. ಬರಿದಾದ ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡೆ. ಹುಣ್ಣಿಮೆಯ ದಿನ ಅದು ಹೇಗಿರುತ್ತದೆಂದು ನಾನು ಮರೆತೇಬಿಟ್ಟಿದ್ದೆ. ದೊಡ್ಡಪ್ಪ ಗಂಟೆ ಎತ್ತಲಿಲ್ಲ. ಚಂಪಾ ಓಡಿಬಂದು ಅವರ ತೊಡೆಯ ಮೇಲಿದ್ದ ಗಂಟೆಯನ್ನು ಕಿತ್ತುಕೊಂಡು ಬಾರಿಸಿದಳು. ಸುಮ್ಮನೆ ಬಾರಿಸಲಿಲ್ಲ, ಬೆಂಕಿ ಬಿದ್ದಾಗ ಬಾರಿಸುವ ಹಾಗೆ ಬಾರಿಸಿದಳು. ಅಂಗಳ ಕೇಕೆ ಹಾಕಿತು. ಮೌನಾಚಾರಿ ನನ್ನನ್ನು ಎತ್ತಲು ಬಂದು ಸೊಂಟ ಹಿಡಿದುಕೊಂಡು ಅಲ್ಲೇ ಕೂತ. ಅಷ್ಟು ಜನರ ನಡುವೆ ಹಾಲಮ್ಮ ಸೌಟನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ಎಡಗೈಯಲ್ಲಿ.

ಸುಕನ್ಯಳ ಹತ್ತಿರ ನಾನೇ ಹೋದೆ. "ತಪ್ಪಾಯ್ತಮ್ಮ" ಎಂದೆ. ಅವಳು ನನ್ನನ್ನು ನೆಟ್ಟಗೆ ನೋಡಿ, "ಉಳಿದ ಹದಿಮೂರು ಜನರ ಮನೆಗೂ ಹೋಗಿ ಬನ್ನಿ, ಮೇಷ್ಟ್ರೇ. ವಿಳಾಸ ಬೇಕಂದ್ರೆ ನಾನ್ ಕೊಡ್ತೀನಿ" ಎಂದಳು. ಮದುವೆಯ ಕರೆಯೋಲೆಯ ಜೊತೆ ಆ ಕೆಲಸವನ್ನೂ ಅದೇ ವಾರ ಮಾಡಿದೆ. ಇಬ್ಬರು ಬಾಗಿಲು ತೆಗೆಯಲಿಲ್ಲ. ಅದೂ ನ್ಯಾಯವೇ.

ಹಬ್ಬದ ಮಧ್ಯಾಹ್ನ ಊಟಕ್ಕೆ ಕೂತಾಗ ಹಾಲಮ್ಮ ಹೊಸ ಸೌಟಿನಲ್ಲಿ ಸಾರು ಬಡಿಸಿದಳು. ನನ್ನ ತಟ್ಟೆಯ ಅನ್ನದ ಗುಳಿಗೆ ಸರಿಯಾಗಿ ಬಿತ್ತು. ಬಡಿಸಿ, ಸೌಟು ಹಿಡಿದೇ ನನ್ನ ಎದುರಿಗೆ ಕೂತಳು.

"ನಿಮಗೊಂದ್ ವಿಷಯ ಹೇಳ್ಲಾ? ಪ್ರತಿವರ್ಷ ನಾನು ಹರಕೆ ಹೊತ್ಕೊತಿದ್ದೆ."

"ಏನಂತ? ನನ್ ಉಡುಗೊರೆ ಕೈಬಿಡ್ಲಿ ಅಂತಲಾ?"

"ಅಲ್ಲ. ಒಂದೇ ಒಂದ್ ಸಲ ನನ್ ಉಡುಗೊರೆ ನನ್ ಬಲಗೈಗೆ ಕಚ್ಲಿ ಅಂತ." ಅವಳು ನಕ್ಕಳು, ಕಣ್ಣಲ್ಲಿ ನೀರಿತ್ತು. "ಕಚ್ಚಿದ್ರೆ ಹದಿನೈದ್ ದಿನ ಎಲ್ಲರ ಮುಂದೆ ಎಡಗೈಯಾಗೆ ಉಣ್ಣಬೋದಿತ್ತು. ಏನ್ ಮಾಡ್ಲಿ, ನಿಮಗೇನ್ ಬೇಕು ಅಂತ ನಂಗೆ ಗೊತ್ತಾಗ್ಬಿಡೋದು. ಸುಳ್ಳು ಉಡುಗೊರೆ ಮಾಡಕ್ಕೆ ಕೈನೇ ಬರ್ಲಿಲ್ಲ."

ನಾನು ತುತ್ತು ಕೆಳಗಿಟ್ಟೆ.  "ನೀನೂ ತಟ್ಟೆ ಹಾಕ್ಕೋ" ಎಂದೆ. ಅವಳು ತಟ್ಟೆ ಹಾಕಿಕೊಂಡು ನನ್ನ ಎದುರಿಗೇ ಕೂತು ಎಡಗೈಯಲ್ಲಿ ಉಂಡಳು. ಅಂದು ಎರಡು ಸಲ ಅನ್ನ ಹಾಕಿಸಿಕೊಂಡಳು.

ಒಂಬತ್ತನೇ ದಿನ ಮದುವೆ. ನಾನು ಹಾಲಮ್ಮ ಹೊಲಿದ ಅಂಗಿಯನ್ನೇ ಹಾಕಿಕೊಂಡೆ. ತೋಳು ಕಿರಿದು ಮಾಡಿಕೊಡುತ್ತೇನೆಂದು ಅವಳು ಸೂಜಿ ತಂದಳು, ನಾನು ಬಿಡಲಿಲ್ಲ. ಖಾಲಿ ತೋಳು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು, ಬೀಗರು ಇದೇನು ಫ್ಯಾಷನ್ನು ಎಂದು ನೋಡಿದರು. ಧಾರೆಯ ಹೊತ್ತಿಗೆ ಅಳಿಯ ಕೈ ಚಾಚಿದ, ಚಂಪಾ ಅದರ ಮೇಲೆ ತನ್ನ ಕೈ ಇಟ್ಟಳು. ನಾನು ಕೆಳಗೆ ಬೊಗಸೆ ಹಿಡಿದೆ. ಹಾಲಮ್ಮ ಗಿಂಡಿ ಎತ್ತಿಕೊಂಡಳು.

ಬೀಗರ ಊರಿಂದ ಬಂದ ಅಯ್ನೋರು ಮಂತ್ರ ನಿಲ್ಲಿಸಿದರು. "ಬಲಗೈ, ತಾಯಿ. ಗಿಂಡಿ ಬಲಗೈಯಲ್ಲಿ ಹಿಡೀರಿ."

 ಹಾಲಮ್ಮನ ಕೈ ಅಲ್ಲೇ ನಿಂತಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿರಿಯರ ಸಾಲಿನಿಂದ ಗಂಜಿ ಹಾಕಿದ ಪಂಚೆ ಗರಗರ ಎಂದಿತು. ದೊಡ್ಡಪ್ಪ ಕೋಲೂರಿ ಎದ್ದು ನಿಂತಿದ್ದರು. ಹಬ್ಬದ ದಿನದಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದರು. ನನ್ನನ್ನು ನೋಡಲಿಲ್ಲ, ಹಾಲಮ್ಮನ ಕೈ ನೋಡಿದರು.

"ಅಯ್ನೋರೇ," ಎಂದರು, "ಆ ಹೆಣ್ಮಗಳ ಬಲಗೈ ಅದೇ. ಮಂತ್ರ ಹೇಳಿ."

ಅಯ್ನೋರು ಮಂತ್ರ ಹೇಳಿದರು. ಹಾಲಮ್ಮ ಎಡಗೈಯಿಂದ ಗಿಂಡಿ ಬಗ್ಗಿಸಿದಳು. ಹಾಲು ನಡುಗದೆ, ಒಂದೇ ಎಳೆಯಾಗಿ ಇಳಿಯಿತು. ಚಂಪಾ ನನ್ನನ್ನು ನೋಡಿ ನಗುತ್ತಿದ್ದಳು, ಅಳುತ್ತಲೂ ಇದ್ದಳು. ಅವಳ ಬೆರಳ ಸಂದಿಯಿಂದ ಸೋರಿದ ಬೆಚ್ಚನೆ ಹಾಲು ನನ್ನ ಎರಡೂ ಅಂಗೈ ತುಂಬಿ, ಉಕ್ಕಿ, ಆ ಅಗಲ ತೋಳನ್ನೆಲ್ಲ ತೋಯಿಸಿತು.